ಅರ್ಧ ಹಕ್ಕಿ

ಹಾಲು ಕಾಯಿಸಿ ಇಳಿಸುವುದು, ಅದು ಆರುವಷ್ಟರಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವುದು, ಒಳಗೆ ಬಂದು ಕಾಫಿ ಲೋಟ ಹಿಡಿದು ಆ ದಿನದ ಹಕ್ಕಿಯನ್ನು ಗುಂಪಿಗೆ ಬಿಡುವುದು. ನನ್ನ ಬೆಳಗು ಇಷ್ಟೇ. ಆ ದಿನವೂ ಇದೇ ಕ್ರಮದಲ್ಲಿ ಶುರುವಾಗಿತ್ತು.

ಗುಂಪು ಎಂದರೆ ನಮ್ಮ ವಾಟ್ಸಾಪ್ ಗುಂಪು. ಹೆಸರು ‘ಅರ್ಧ ಹಕ್ಕಿ’. ಶಿವಮೊಗ್ಗ, ಭದ್ರಾವತಿಯ ಒಂದಷ್ಟು ಗೃಹಿಣಿಯರು, ಮೇಷ್ಟ್ರುಗಳು, ನಿವೃತ್ತರು ಸೇರಿ ಕಟ್ಟಿಕೊಂಡ ಆಟ. ಯಾರಾದರೂ ಹಕ್ಕಿಯ ಫೋಟೋ ತೆಗೆದರೆ ಗುಂಪಿಗೆ ಹಾಕುವಂತಿಲ್ಲ, ನನಗೊಬ್ಬಳಿಗೇ ಕಳಿಸಬೇಕು. ನಾನು ಅದರಲ್ಲಿ ಒಂದು ತುಂಡು ಕತ್ತರಿಸಿ ಬೆಳಿಗ್ಗೆ ಹಾಕುತ್ತೇನೆ. ಬಾಲದ ತುದಿ, ಒಂದು ಕಾಲು, ರೆಕ್ಕೆಯ ಮಡಿಕೆ, ಏನಾದರೂ ಸರಿ. ದಿನವಿಡೀ ಎಲ್ಲರೂ ಊಹಿಸುತ್ತಾರೆ, ಜಗಳವಾಡುತ್ತಾರೆ. ಸಂಜೆ ದೀಪ ಹಚ್ಚಿದ ಮೇಲೆ ಇಡೀ ಹಕ್ಕಿಯನ್ನು ತೋರಿಸುತ್ತೇನೆ.

ಕತ್ತರಿಸುವುದು ಸುಲಭದ ಕೆಲಸವಲ್ಲ. ಮಿಂಚುಳ್ಳಿಯ ಕೊಕ್ಕು ಹಾಕಿದರೆ ಮಗುವೂ ಹೇಳುತ್ತದೆ. ಬರೀ ಕಂದು ಗರಿ ಹಾಕಿದರೆ ‘ಇದೇನು ಹಕ್ಕಿಯೋ ಕಾಲೊರಸೋ’ ಎಂದು ಬೈಸಿಕೊಳ್ಳಬೇಕು. ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್ ಒಬ್ಬರು ಕಸೂತಿಯ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ತಿರುಗಿಸಿ ಹಿಂದಿನ ಗಂಟುಗಳನ್ನು ನೋಡಿ ಅಂಕ ಕೊಡುತ್ತಿದ್ದರು. ಅದೇ ಅಭ್ಯಾಸ ನನಗೆ ಫೋಟೋ ವಿಷಯದಲ್ಲೂ ಬಂದಿದೆ. ಹಕ್ಕಿಯನ್ನು ಆಮೇಲೆ ನೋಡುತ್ತೇನೆ. ಮೊದಲು ಹಕ್ಕಿಯಲ್ಲದ್ದನ್ನೆಲ್ಲ ನೋಡುತ್ತೇನೆ: ಬೆಳಕು ಯಾವ ಕಡೆಯದು, ಕೂತದ್ದು ತಂತಿಯೋ ಟೊಂಗೆಯೋ, ಹಿಂದೆ ಮಸುಕಾಗಿರುವುದು ನೀರೋ ಗೋಡೆಯೋ.

ಆ ಬೆಳಿಗ್ಗೆ ರಂಗೋಲಿ ಹಾಕುವಾಗ ಪಕ್ಕದ ಮನೆಯಾಕೆಯೂ ಹೊರಗಿದ್ದರು. ದೀಪಾವಳಿ ಮುಗಿಯುತ್ತಲೇ ಅವರ ಮಗಳ ನಿಶ್ಚಿತಾರ್ಥ. ಮೂರ್ನಾಲ್ಕು ದಿನದಿಂದ ಮನೆಗೆ ಬಣ್ಣ ಹೊಡೆಸುತ್ತಿದ್ದರು. ಗೋಡೆ ಕೆರೆಯುವ ಸದ್ದು, ಏಣಿ ಎಳೆಯುವ ಸದ್ದು, ಕೆಲಸದವರ ಮೊಬೈಲಿನ ಹಾಡು, ಇದರಲ್ಲೇ ಬೀದಿಯ ಹೊತ್ತು ಹೋಗುತ್ತಿತ್ತು.

“ಬಣ್ಣ ಹೆಂಗಿದೆ ರೀ? ಮಗಳೇ ಆರಿಸಿದ್ದು.”

“ಚೆನ್ನಾಗಿದೆ” ಎಂದೆ. ಬದನೆ ಹೂವಿನ ಬಣ್ಣ.

“ನಮ್ಮನೆಯೋರು ತರಕಾರಿ ಸೊಸೈಟಿ ಥರ ಕಾಣತ್ತೆ ಅಂತಾರೆ. ಅವ್ರಿಗೇನು ಗೊತ್ತು ಹೇಳಿ, ಸುಣ್ಣ ಬಿಟ್ರೆ ಬೇರೆ ಬಣ್ಣ ಕಂಡಿಲ್ಲ” ಎಂದು ನಕ್ಕರು.

ಅವರದು ಒಂದು ಪದ್ಧತಿ. ಬೆಳಗಿನ ಜಾವ ಎಲ್ಲಿಂದಲೋ ಹಾಲಕ್ಕಿ ಕೂಗಿದರೆ ಕೈಯಲ್ಲಿನ ಚೆಂಬನ್ನು ಕೆಳಗಿಟ್ಟು ಕಣ್ಣು ಮುಚ್ಚಿ ಕೈಮುಗಿಯುತ್ತಾರೆ. ಹಾಲಕ್ಕಿ ನುಡಿದರೆ ಶುಭ ಎಂಬುದು ಇಲ್ಲಿಯ ನಂಬಿಕೆ. ನನಗೆ ಶಾಲೆಯಲ್ಲಿ ಕಲಿತ ‘ಸ್ಪಾಟೆಡ್ ಔಲೆಟ್’ ಮಾತ್ರ ಗೊತ್ತಿತ್ತು. ಆ ಪುಟ್ಟ ಚುಕ್ಕೆ ಗೂಬೆಯೇ ಹಾಲಕ್ಕಿ ಎಂದು ತಿಳಿದದ್ದು ಈ ಗುಂಪಿನಿಂದ. ಪಕ್ಕದ ಮನೆಯಾಕೆಗೆ ಹೇಳಬೇಕೆಂದು ಒಂದೆರಡು ಸಲ ಬಾಯಿಗೆ ಬಂದಿತ್ತು. ನೀವು ಕೈಮುಗಿಯುತ್ತಿರುವುದು ಗೂಬೆಗೆ ಎಂದು ಹೇಳಿ ಅವರ ಬೆಳಗನ್ನು ಯಾಕೆ ಕೆಡಿಸಲಿ ಎಂದು ಸುಮ್ಮನಾಗಿದ್ದೆ.

ಆ ದಿನ ಅವರು ಕೈಮುಗಿಯಲಿಲ್ಲ. ನನಗೂ ಏನೋ ಒಂದು ಕಡಿಮೆಯಾದಂತೆ ಅನ್ನಿಸಿತು. ಸ್ಟ್ಯಾಂಡಿನಲ್ಲಿ ಒಂದು ಲೋಟ ಇಲ್ಲದಿದ್ದರೆ ಕಣ್ಣಿಗೆ ಬೀಳುತ್ತದಲ್ಲ, ಹಾಗೆ. ಅಷ್ಟರಲ್ಲಿ ಏಣಿ ಎಳೆಯುವ ಸದ್ದು ಶುರುವಾಯಿತು, ನಾನು ಒಳಗೆ ಬಂದೆ.

ಹಿಂದಿನ ಸಂಜೆ ಭದ್ರಾವತಿಯ ಓಲ್ಡ್ ಟೌನಿನ ಒಬ್ಬ ಟೈಲರ್ ಹೆಂಗಸು ಒಂದು ಫೋಟೋ ಕಳಿಸಿದ್ದಳು. ಗುಂಪಿಗೆ ಹೊಸಬಳು, ಒಂದು ದಿನವೂ ಸರಿ ಉತ್ತರ ಹೇಳಿದವಳಲ್ಲ. ‘ಅಕ್ಕಾ, ಇದನ್ನ ಹಾಕಿ. ನಾಳೆ ಒಬ್ರಿಗಾದ್ರೂ ಗೊತ್ತಾದ್ರೆ ಕೇಳಿ’ ಎಂದು ಬರೆದಿದ್ದಳು. ಅವಳೇ ಕತ್ತರಿಸಿ ಕಳಿಸಿದ್ದಳು. ಪೂರ್ತಿ ಫೋಟೋ ಕೇಳಬೇಕಿತ್ತು. ಆದರೆ ತುಂಡು ಎಷ್ಟು ಚೆನ್ನಾಗಿತ್ತೆಂದರೆ, ನನಗೆ ಕೆಲಸವೇ ಉಳಿದಿರಲಿಲ್ಲ. ಒಂದು ಹಳದಿ ಕಣ್ಣು, ಅದರ ಮೇಲೆ ಬಿಳಿ ಹುಬ್ಬು, ನೆತ್ತಿಯಲ್ಲಿ ಅಕ್ಕಿಕಾಳಿನಂಥ ಚುಕ್ಕೆಗಳು, ಎಲ್ಲದರ ಮುಂದೆ ಮಸುಕು ಹಸಿರು. ಹಾಕಿಬಿಟ್ಟೆ.

ಭದ್ರಾವತಿಯ ನಿವೃತ್ತ ಫೋರ್‌ಮನ್ ಒಬ್ಬರಿದ್ದಾರೆ, ಯಾವಾಗಲೂ ಮೊದಲ ಉತ್ತರ ಅವರದೇ, ಬಹಳ ಸಲ ತಪ್ಪೂ ಅವರದೇ. “ಕಾಡುಗೂಬೆ! ದಟ್ಟ ಎಲೆ ಮಧ್ಯೆ ಕೂತಿದೆ, ನೋಡಿದ್ರೇ ಗೊತ್ತಾಗತ್ತೆ” ಎಂದು ಹಾಕಿದರು. ಇನ್ನೊಬ್ಬರು ಹಾಲಕ್ಕಿ ಎಂದರು. ಹೈಸ್ಕೂಲಿನ ಒಬ್ಬ ಟೀಚರ್, “ನೆತ್ತಿ ಮೇಲೆ ಏನೋ ನೇರಳೆ ಬಣ್ಣ ಇದೆಯಲ್ಲ ಮೇಡಂ, ಯಾವ ಗೂಬೆಗೂ ನೇರಳೆ ಇಲ್ಲ” ಎಂದು ಕೇಳಿದರು.

ನಾನು ಎಲ್ಲ ತಿಳಿದವಳಂತೆ ಉತ್ತರಿಸಿದೆ: “ಅದು ಹಕ್ಕಿಯ ಬಣ್ಣ ಅಲ್ಲ. ಗಾಢ ಗರಿಯ ಪಕ್ಕ ಬಿಳಿ ಬಂದಾಗ ಮೊಬೈಲ್ ಲೆನ್ಸ್ ಹೀಗೆ ನೇರಳೆ ಅಂಚು ಕೊಡತ್ತೆ. ಅದನ್ನ ಲೆಕ್ಕಕ್ಕೆ ಹಿಡೀಬೇಡಿ.” ಐದಾರು ಜನ ಹೆಬ್ಬೆರಳು ಒತ್ತಿದರು.

ಉಪ್ಪಿಟ್ಟಿಗೆ ಈರುಳ್ಳಿ ತೆಗೆಯಲು ಬಗ್ಗಿದಾಗ ಕೈ ನಿಂತಿತು.

ನಮ್ಮನೆಯಲ್ಲಿ ಈರುಳ್ಳಿ ಇಡುವುದು ಹಸಿರು ಪ್ಲಾಸ್ಟಿಕ್ ಕ್ರೇಟಿನಲ್ಲಿ. ಪಟ್ಟಿ, ಸಂದು, ಪಟ್ಟಿ, ಸಂದು. ನಾನು ಈರುಳ್ಳಿಯನ್ನು ಸಂದಿನಿಂದ ನೋಡುತ್ತಿದ್ದೆ. ಫೋಟೋದಲ್ಲಿನ ಮಸುಕು ಹಸಿರು ಕಣ್ಣ ಮುಂದೆ ಬಂತು. ಎಲೆಗಳು ಒಂದರಿಂದ ಒಂದು ಇಷ್ಟೇ ದೂರ ಎಂದು ಅಳತೆ ಹಿಡಿದು ಬೆಳೆಯುವುದಿಲ್ಲ.

ಒಲೆ ಆರಿಸಿ ಮೊಬೈಲ್ ತೆಗೆದುಕೊಂಡೆ. ಫೋಟೋವನ್ನು ಹಿಗ್ಗಿಸಿದೆ. ಹಸಿರು ಪಟ್ಟಿಗಳು ಎರಡೂ ನೆಟ್ಟಗೆ, ಎರಡರ ಅಗಲವೂ ಒಂದೇ. ಕಣ್ಣನ್ನು ಇನ್ನೂ ಹಿಗ್ಗಿಸಿದೆ. ಬಯಲಿನಲ್ಲಿ ತೆಗೆದ ಹಕ್ಕಿಯ ಕಣ್ಣಲ್ಲಿ ಆಕಾಶದ ಬಿಳಿ ಚುಕ್ಕೆ ಇರುತ್ತದೆ, ದುಂಡಗೆ, ಮೇಲ್ಗಡೆ. ಈ ಕಣ್ಣಿನ ಕಪ್ಪಿನಲ್ಲಿ ಇದ್ದದ್ದು ಒಂದು ಬಿಳಿ ಗೀಟು. ನೀಳ, ತುದಿಗಳು ಕತ್ತರಿಸಿದಂತೆ. ಟ್ಯೂಬ್‌ಲೈಟು.

ಹಕ್ಕಿ ಮರದಲ್ಲಿರಲಿಲ್ಲ. ಯಾರದೋ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ತರಕಾರಿ ಕ್ರೇಟಿನೊಳಗಿತ್ತು. ನಾನು ಅದನ್ನು ಆಟಕ್ಕೆ ಹಾಕಿದ್ದೆ. ಅಷ್ಟರಲ್ಲಿ ಇಪ್ಪತ್ತು ಜನ ಉತ್ತರ ಬರೆದಾಗಿತ್ತು.

ಗ್ಯಾಸ್ ಕಟ್ಟೆಗೆ ಒರಗಿ ನಿಂತೆ. ಮನೆಯವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಬಂದು, “ತಿಂಡಿ ಆಯ್ತೇನೇ?” ಎಂದರು. ಫೋಟೋ ತೋರಿಸಿದೆ. “ಯಾವ್ದೋ ಊರಿನ ಫಾರ್ವರ್ಡ್ ಇರತ್ತೆ ಬಿಡು. ಅದಕ್ಕೆ ನೀನ್ಯಾಕೆ ಹಿಂಗೆ ಬೆವರ್ತಿದೀಯ?” ಎಂದು ಬಾಳೆಹಣ್ಣು ತಿಂದು ಆಫೀಸಿಗೆ ಹೋದರು.

ಟೈಲರಿಗೆ ಫೋನ್ ಮಾಡಿದೆ. ಮೊದಲು ನಕ್ಕಳು. “ನೋಡಿದ್ರಾ, ಯಾರ್ಗೂ ಗೊತ್ತಾಗ್ಲಿಲ್ಲ!”

“ಅದು ಕ್ರೇಟಲ್ಲಿ ಇದೆ ಅಲ್ವಾ?”

ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. “ಅಕ್ಕಾ, ಅದನ್ನ ತೆಗ್ದುಬಿಡಿ. ನಾನೂ ತೆಗೀತೀನಿ” ಎಂದು ಫೋನ್ ಇಟ್ಟಳು. ನೋಡುತ್ತಿದ್ದಂತೆ ಅವಳು ನನಗೆ ಕಳಿಸಿದ್ದ ಫೋಟೋ ಅಳಿಸಿಹೋಯಿತು. ಗುಂಪಿನಲ್ಲಿ ನಾನು ಹಾಕಿದ್ದು ಹಾಗೇ ಇತ್ತು.

ಭದ್ರಾವತಿಯ ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಅಲ್ಲಿದ್ದವರು ಸೌಮ್ಯವಾಗಿಯೇ ಮಾತಾಡಿದರು. “ಗೂಬೆ ಹಿಡಿಯೋದು, ಇಟ್ಕೊಳ್ಳೋದು ಎರಡೂ ಅಪರಾಧನೇ ಅಮ್ಮ. ದೀಪಾವಳಿ ಅಮಾವಾಸ್ಯೆ ಹತ್ರ ಬಂದ್ರೆ ಈ ಕಾಟ ಇದ್ದಿದ್ದೇ, ಮಾಟ ಮಂತ್ರ ಅಂತಾರೆ, ನಿಧಿ ಅಂತಾರೆ. ಆದ್ರೆ ಫೋಟೋ ಇಡೀ ದೇಶ ಸುತ್ತತ್ತೆ. ಜಾಗ ಹೇಳಿ. ಕಣ್ಣಲ್ಲಿ ಕಂಡೋರು ಯಾರು ಹೇಳಿ. ತಕ್ಷಣ ಬರ್ತೀವಿ.”

ಕಣ್ಣಲ್ಲಿ ಕಂಡವರು ಯಾರೂ ಇರಲಿಲ್ಲ. ಇದ್ದದ್ದು ಒಂದು ಕಣ್ಣು ಮಾತ್ರ.

ಮತ್ತೆ ಟೈಲರಿಗೆ ಮಾಡಿದೆ, ಮಾಡುತ್ತಲೇ ಇದ್ದೆ. ಕೊನೆಗೆ ಎತ್ತಿದಳು. ಪಿಸುಗುಟ್ಟಿದಳು. ಅಂಗಡಿಯ ಹಿಂಭಾಗದಲ್ಲಿ ಮಾಲೀಕನ ಗುಜರಿ ಗೋಡೌನು. ಅಲ್ಲಿ ಹಕ್ಕಿ ಇದೆ. ಕೈ ತೊಳೆಯಲು ಹೋದಾಗ ಕಂಡಿತು, ಒಮ್ಮೆಯಾದರೂ ಗುಂಪಿನಲ್ಲಿ ಎಲ್ಲರನ್ನೂ ಸೋಲಿಸಬೇಕೆಂಬ ಆಸೆಗೆ ಫೋಟೋ ತೆಗೆದಳು. “ಇವತ್ ಸಂಜೆ ಯಾರೋ ಬಂದು ತಗೊಂಡ್ಹೋಗ್ತಾರಂತೆ ಅಕ್ಕಾ. ನನ್ ಹೆಸ್ರು ಬಂದ್ರೆ ನಾಳೆಯಿಂದ ನನ್ ಮೆಷಿನ್ ರಸ್ತೆ ಮೇಲೆ. ದಮ್ಮಯ್ಯ.”

“ನಿನ್ನ ಹೆಸರು ಬರಲ್ಲ” ಎಂದೆ. ಹೇಗೆ ಬರುವುದಿಲ್ಲ ಎಂದು ನನಗೇ ಗೊತ್ತಿರಲಿಲ್ಲ.

ಬೀರುವಿನಿಂದ ಹೊಲಿಸದೆ ಇಟ್ಟಿದ್ದ ಒಂದು ಬ್ಲೌಸ್ ಪೀಸ್, ಅಳತೆಗೆ ಒಂದು ಹಳೆಯ ರವಿಕೆ ತೆಗೆದು ಚೀಲಕ್ಕೆ ಹಾಕಿಕೊಂಡೆ. ಟೈಲರ್ ಹೇಳಿದ ಅಂಗಡಿಯ ಗುರುತು ಬರೆದುಕೊಂಡು, ಬೀಗ ಹಾಕಿ ಶಿವಮೊಗ್ಗದಿಂದ ಭದ್ರಾವತಿಯ ಬಸ್ ಹತ್ತಿದೆ. ಸೋಗಾನೆಯ ವಿಮಾನ ನಿಲ್ದಾಣದ ಕಡೆಯಿಂದ ಒಂದು ವಿಮಾನ ಮೇಲೆದ್ದು ಹೋಯಿತು. ಪಕ್ಕದ ಸೀಟಿನ ಮಗು ಅದನ್ನು ಕಿಟಕಿಯಿಂದ ತೋರಿಸಿ ‘ಹಕ್ಕಿ’ ಎಂದಿತು. ನಾನು ಗುಂಪನ್ನು ತೆರೆದು ನೋಡಿದೆ. ಇನ್ನೂ ಊಹಿಸುತ್ತಲೇ ಇದ್ದರು. ಫೋಟೋ ತೆಗೆದುಹಾಕಲು ಬೆರಳು ಹೋಯಿತು. ತೆಗೆದರೆ ತೋರಿಸಲು ಏನೂ ಉಳಿಯುವುದಿಲ್ಲ ಎಂದು ಬಿಟ್ಟೆ.

ಫೋರ್‌ಮನ್ನರಿಗೆ ಮಾತ್ರ ವಿಷಯ ಹೇಳಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಮೊಪೆಡ್ ಹಿಡಿದು ನಿಂತಿದ್ದರು. ಮುಖ ಕಪ್ಪಿಟ್ಟಿತ್ತು. “ಕಾಡುಗೂಬೆ ಅಂತ ಹಾಕ್ದೆನಲ್ಲಮ್ಮಾ, ದಟ್ಟ ಎಲೆ ಅಂತ ಬೇರೆ ಬರ್ದೆ. ಮೂವತ್ತು ವರ್ಷ ಕಾರ್ಖಾನೇಲಿ ಅಚ್ಚು ನೋಡಿದೋನು, ಪ್ಲಾಸ್ಟಿಕ್ ಗುರುತು ಸಿಗ್ಲಿಲ್ಲ” ಎಂದು ದಾರಿಯುದ್ದಕ್ಕೂ ಹಲುಬಿದರು. ಅವರನ್ನು ಬೀದಿ ಮೂಲೆಯ ಟೀ ಅಂಗಡಿಯಲ್ಲಿ ಕೂರಿಸಿದೆ. ಜೀಪು ಬಂದರೆ ದಾರಿ ತೋರಿಸುವುದು ಅವರ ಕೆಲಸ.

ಟೈಲರ್ ನನ್ನನ್ನು ಮೊದಲು ನೋಡಿರಲಿಲ್ಲ. ಬಾಗಿಲಲ್ಲಿ ನಿಂತ ನನ್ನನ್ನೂ ಚೀಲವನ್ನೂ ನೋಡಿ ತಿಳಿದುಕೊಂಡಳು. ಟೇಪು ಕೈಗೆತ್ತಿಕೊಂಡಳು. “ಬನ್ನಿ ಮೇಡಂ, ಅಳತೆ ಕೊಡ್ತೀರಾ?” ಎಂದು ಗಟ್ಟಿಯಾಗಿ ಕೇಳಿದಳು. ಒಳಗಿನ ಬಾಗಿಲ ಬಳಿ ಸ್ಟೂಲಿನ ಮೇಲೆ ಮಾಲೀಕ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ವಯಸ್ಸಾದ, ಹಣೆಗೆ ವಿಭೂತಿ ಇಟ್ಟ, ಮೆತ್ತಗಿನ ಮನುಷ್ಯ. ನಾನು ಯಾಕೋ ದೊಡ್ಡ ಮೀಸೆಯವನನ್ನು ಕಲ್ಪಿಸಿಕೊಂಡಿದ್ದೆ. ಅವನು ನನಗೆ ಕುರ್ಚಿ ತಳ್ಳಿ, “ಕೂತ್ಕೊಳ್ಳಿ ತಾಯಿ, ಬಿಸ್ಲಲ್ಲಿ ಬಂದಿದೀರಿ” ಎಂದ.

ಅಳತೆ ಮುಗಿಯಿತು. “ಸ್ವಲ್ಪ ಕೈಕಾಲು ತೊಳ್ಕೋಬಹುದಾ?” ಎಂದೆ.

“ಹಿಂದುಗಡೆ ನಲ್ಲಿ ಇದೆ, ಹೋಗಿ ತಾಯಿ” ಎಂದ ಅವನೇ.

ಗೋಡೌನು ದಾಟಿ ಹೋಗಬೇಕು. ಹಳೆಯ ಫ್ಯಾನುಗಳು, ತಗಡು, ಪೇಪರ್ ಕಟ್ಟುಗಳು. ಮೇಲೆ ಒಂದು ಟ್ಯೂಬ್‌ಲೈಟು. ಅದರ ಕೆಳಗೆ ಮಗುಚಿ ಹಾಕಿದ ಹಸಿರು ಕ್ರೇಟು, ಮೇಲೊಂದು ಕಲ್ಲು.

ಬಗ್ಗಿದೆ. ಆ ಕಣ್ಣು ನನ್ನನ್ನು ನೋಡಿತು. ಬೆಳಿಗ್ಗೆಯಿಂದ ನೋಡುತ್ತಿದ್ದ ಅದೇ ಕಣ್ಣು. ಆದರೆ ಈಗ ಅದಕ್ಕೆ ಎರಡನೆಯದೂ ಇತ್ತು, ದೇಹವೂ ಇತ್ತು. ಮೈನಾದಷ್ಟೇ ಗಾತ್ರ. ತಲೆಯನ್ನು ಮೇಲೆ ಕೆಳಗೆ ಆಡಿಸಿತು. ಒಂದು ಕಾಲಿಗೆ ಹೊಲಿಗೆ ದಾರ ಸುತ್ತಿತ್ತು. ಮುಂದೆ ಒಣಗಿದ ಕೋಳಿ ಚೂರು. ಹೊರಗೆ ನನಗೆ ಕುರ್ಚಿ ಕೊಟ್ಟವನೇ ಅದನ್ನು ಇಟ್ಟಿರಬೇಕು. ಇದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಆಗ ನೆತ್ತಿಯನ್ನು ನೋಡಿದೆ. ಟೀಚರ್ ಕೇಳಿದ್ದ ನೇರಳೆ ಅಲ್ಲೇ ಇತ್ತು. ಲೆನ್ಸಿನ ಅಂಚಾಗಿದ್ದರೆ ನನ್ನ ಬರಿಗಣ್ಣಿಗೆ ಕಾಣಬಾರದಿತ್ತು. ಎರಡು ಗರಿಗಳನ್ನು ಅಂಟಿಸಿ ಒಣಗಿ ಗಟ್ಟಿಯಾಗಿದ್ದ ಬಣ್ಣದ ಒಂದು ಹನಿ. ಗುಜರಿ ಅಂಗಡಿ, ಯಾವುದೋ ಹಳೆಯ ಡಬ್ಬಿಯದು ಬಿದ್ದಿರಬೇಕು ಎಂದುಕೊಂಡೆ.

ನಲ್ಲಿ ತಿರುಗಿಸಿ ನೀರು ಬಿಟ್ಟು, ಆ ಸದ್ದಿನ ಮರೆಯಲ್ಲಿ ಮತ್ತೆ ಇಲಾಖೆಗೆ ಫೋನ್ ಮಾಡಿದೆ. ಜಾಗ ಹೇಳಿದೆ.

“ಕಣ್ಣಲ್ಲಿ ಕಂಡಿದೀರಾ?”

“ಎದುರಿಗೇ ಇದೆ.”

“ದೂರು ಯಾರ ಹೆಸರಲ್ಲಿ ಬರ್ಕೊಳ್ಳಲಿ? ಹೆಸರು ಬೇಡ ಅಂದ್ರೆ ಬೇಡ, ಆದ್ರೆ ಅವ್ರು ಅಕ್ಕಪಕ್ಕದೋರ ಮೇಲೇ ಅನುಮಾನ ಪಡ್ತಾರೆ.”

ನಾನು ಇಂಥದ್ದರಲ್ಲಿ ಮುಂದೆ ಹೋದವಳಲ್ಲ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದೆ ಬರುವವಳು. ನೀರು ಸುರಿಯುತ್ತಿತ್ತು. ಹಿಂದೆ ಕ್ರೇಟಿನೊಳಗೆ ಉಗುರು ಕೆರೆಯುವ ಸದ್ದು. ನನ್ನ ಪೂರ್ತಿ ಹೆಸರು, ಮನೆ, ಬೀದಿ ಎಲ್ಲ ಹೇಳಿದೆ. “ಬ್ಲೌಸ್ ಹೊಲಿಸೋಕೆ ಬಂದವಳು, ಕೈ ತೊಳೆಯೋಕೆ ಹೋದಾಗ ನೋಡಿದ್ದು ಅಂತ ಬರ್ಕೊಳ್ಳಿ” ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆಮೇಲೆ ಕಾಯುವ ಕೆಲಸ. ಎದ್ದು ಹೊರಟರೆ ಅಷ್ಟರಲ್ಲಿ ಯಾರಾದರೂ ಬಂದು ಒಯ್ದಾರು. ನಾನು ತೋಳು ಬಿಗಿಯಾಯಿತು ಎಂದೆ, ಟೈಲರ್ ಮತ್ತೆ ಅಳೆದಳು. ಕತ್ತು ಇಳಿಯಿತು ಎಂದೆ, ಮತ್ತೆ ಅಳೆದಳು. ಬೆನ್ನಿಗೆ ಗುಂಡಿಯೋ ದಾರವೋ ಎಂದು ಚರ್ಚಿಸಿದೆವು. ಮಾಲೀಕ ನಗುತ್ತ, “ನಿಮ್ ಹೆಂಗಸರದ್ದು ಒಂದ್ ರವಿಕೆ ಅಂದ್ರೆ ಒಂದ್ ಮನೆ ಕಟ್ದಂಗೆ ಬಿಡಿ” ಎಂದು ನನ್ನ ಕೈಗೆ ಒಂದು ಹಿಡಿ ಕಡಲೆಕಾಯಿ ಹಾಕಿದ. ನಾನು ಅದನ್ನು ತಿನ್ನಲೂ ಆಗದೆ ಬಿಸಾಡಲೂ ಆಗದೆ ಮುಷ್ಟಿಯಲ್ಲಿ ಹಿಡಿದು ಕೂತೆ.

ಜೀಪು ಬಂತು. ಮುಂದೆ ಫೋರ್‌ಮನ್ನರ ಮೊಪೆಡ್. ಇಳಿದವರಲ್ಲಿ ಒಬ್ಬಾಕೆ ಗಾರ್ಡ್, ಚಿಕ್ಕ ವಯಸ್ಸಿನವಳು. ಸೀದಾ ಒಳಗೆ ಹೋಗಿ ಕಲ್ಲು ಸರಿಸಿ, ಟವೆಲ್ ಹಾಕಿ ಹಕ್ಕಿಯನ್ನು ಎತ್ತಿದಳು. ರೆಕ್ಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ದಾರವನ್ನು ಟೈಲರಿನ ಕತ್ತರಿಯಿಂದಲೇ ಕತ್ತರಿಸಿದಳು.

ಮಾಲೀಕ ಸ್ಟೂಲಿನಿಂದ ಏಳಲಿಲ್ಲ. ಮೊದಲು ಟೈಲರಿನ ಕಡೆ ನೋಡಿದ. ಆಮೇಲೆ ನನ್ನ ಕಡೆ. “ನೀವಾ ತಾಯಿ?”

“ಹೌದು. ನಾನೇ” ಎಂದೆ. ಕಡಲೆಕಾಯಿ ಕೈಯಲ್ಲೇ ಇತ್ತು.

“ಕದ್ದಿದ್ದಲ್ಲ ಮೇಡಂ” ಎಂದು ಅವನು ಗಾರ್ಡಿಗೆ ಹೇಳಿದ. “ಶಿವಮೊಗ್ಗದಿಂದ ಒಬ್ಬ ತಂದ್ಕೊಟ್ಟ. ಮನೆಯೋರೇ ಹಿಡ್ಕೊಂಡ್ಹೋಗಪ್ಪಾ ಅಂತ ಕೊಟ್ಟಿದ್ದಂತೆ. ಯಾರಿಗೂ ಬೇಡದ್ದು ಅಲ್ವಾ ಇದು?”

“ಇನ್ನೊಂದೆಲ್ಲಿ?” ಎಂದಳು ಗಾರ್ಡ್. “ಇವು ಜೋಡಿ ಇರ್ತಾವೆ.”

“ನನ್ ಹತ್ರ ಬಂದಿದ್ದು ಒಂದೇ. ದೇವ್ರಾಣೆ.”

“ಶಿವಮೊಗ್ಗದಲ್ಲಿ ಎಲ್ಲಿ?”

ಅದು ಅವನಿಗೆ ಗೊತ್ತಿರಲಿಲ್ಲ. ತಂದವನ ಫೋನ್ ಸ್ವಿಚ್ ಆಫ್. ಅವನನ್ನು ಜೀಪಿನಲ್ಲಿ ಕೂರಿಸಿಕೊಂಡರು. ಹೊರಡುವ ಮುನ್ನ ಗಾರ್ಡ್ ನನ್ನ ಬಳಿ ಬಂದಳು. ಹಕ್ಕಿಗೆ ಪೆಟ್ಟಾಗಿಲ್ಲ, ವೈದ್ಯರಿಗೆ ತೋರಿಸಿ ಬಿಟ್ಟುಬಿಡಬಹುದು, ತೊಂದರೆ ಒಂದೇ ಎಂದಳು. “ಹಿಡಿದ ಜಾಗದಲ್ಲೇ ಬಿಡ್ಬೇಕು ಅಮ್ಮ. ಬೇರೆ ಕಡೆ ಬಿಟ್ರೆ ಅಲ್ಲಿರೋ ಗೂಬೆಗಳು ಓಡಿಸ್ತಾವೆ, ಇದಕ್ಕೆ ಪೊಟರೆ ಸಿಗಲ್ಲ, ಜೋಡಿನೂ ಸಿಗಲ್ಲ. ಶಿವಮೊಗ್ಗ ಅಂದ್ರೆ ಎಲ್ಲಿ ಅಂತ ಹುಡ್ಕೋದು? ನಿಮ್ ಗುಂಪಲ್ಲಿ ಯಾರಿಗಾದ್ರೂ ಗೊತ್ತಾದ್ರೆ ಇವತ್ತೇ ಹೇಳಿ.”

ಟೈಲರ್ ನನ್ನ ಬ್ಲೌಸ್ ಪೀಸನ್ನು ಮಡಚಿ ಇಟ್ಟುಕೊಂಡಳು. “ಗುರುವಾರ ಬನ್ನಿ ಮೇಡಂ” ಎಂದಳು, ಎಲ್ಲರಿಗೂ ಕೇಳುವಂತೆ.

ಬಸ್ಸಿನಲ್ಲಿ ಕೂತು ಗುಂಪಿಗೆ ಎಲ್ಲವನ್ನೂ ಬರೆದೆ, ಟೈಲರಿನ ವಿಷಯವೊಂದನ್ನು ಬಿಟ್ಟು. ‘ಇಂದಿನ ಹಕ್ಕಿ ಹಾಲಕ್ಕಿ. ಇನ್ನು ಪ್ರಶ್ನೆ ಬೇರೆ: ಇದು ಯಾವ ಬೀದಿಯದು? ನಿಮ್ಮ ಬೀದಿಯಲ್ಲಿ ಕೂಗುತ್ತಿದ್ದ ಹಾಲಕ್ಕಿ ನಿಂತುಹೋಗಿದೆಯೇ? ನೆನಪು ಮಾಡಿಕೊಂಡು ಹೇಳಿ.’ ಕೋಟೆ ಕಡೆಯವರೊಬ್ಬರು ನಮ್ಮಲ್ಲಿ ನಿನ್ನೆಯೂ ಕೂಗಿತು ಎಂದರು. ಕೆಲವರು ನಾವು ಗಮನಿಸಿಯೇ ಇಲ್ಲ ಎಂದರು. ಬಹಳ ಜನ ಏನೂ ಬರೆಯಲಿಲ್ಲ. ಬೆಳಿಗ್ಗೆ ಕಣ್ಣು, ಹುಬ್ಬು, ಚುಕ್ಕೆ ಎಂದು ಸಾಲುಸಾಲು ಬರೆದವರು. ನಾನೂ ನಮ್ಮ ಬೀದಿಯನ್ನು ನೆನೆಸಿಕೊಂಡೆ. ಕಿವಿಗೆ ಬಂದದ್ದು ಗೋಡೆ ಕೆರೆಯುವ ಸದ್ದು ಮಾತ್ರ.

ಮನೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಪಕ್ಕದ ಮನೆಯ ಕೆಲಸ ಮುಗಿದು ಏಣಿಗಳು ಹೋಗಿದ್ದವು. ಬೀದಿ ಮೂರ್ನಾಲ್ಕು ದಿನದ ಮೇಲೆ ಸ್ತಬ್ಧವಾಗಿತ್ತು. ಗೇಟಿನ ಚಿಲಕಕ್ಕೆ ಕೈ ಹಾಕಿದವಳು ತಲೆಯೆತ್ತಿದೆ. ಸಂಜೆಯ ಬೆಳಕು ಆ ಹೊಸ ಗೋಡೆಯ ಮೇಲೆ ಬಿದ್ದಿತ್ತು. ಬದನೆ ಹೂವಿನ ಬಣ್ಣ. ಮೇಲೆ, ತಾರಸಿಯ ಅಂಚಿನ ಕೆಳಗೆ, ಹಳೆಯ ಗಾಳಿಕಿಂಡಿ ಇದ್ದ ಜಾಗದಲ್ಲಿ ಹಸಿ ಸಿಮೆಂಟಿನ ಒಂದು ತೇಪೆ, ಅದರ ಮೇಲೂ ಬಣ್ಣ.

ಕೈ ಚಿಲಕದ ಮೇಲೇ ಉಳಿಯಿತು.

“ಎಲ್ಲಿ ಹೋಗಿದ್ರಿ ಮಾರಾಯ್ತಿ, ಬೆಳಿಗ್ಗೆಯಿಂದ ಬೀಗ?” ಪಕ್ಕದ ಮನೆಯಾಕೆ ತುಳಸಿಗೆ ದೀಪ ಇಟ್ಟು ಕಾಂಪೌಂಡಿನ ಬಳಿ ಬಂದರು. ನನ್ನ ಕಣ್ಣು ಹೋದ ಕಡೆ ನೋಡಿ ನಕ್ಕರು. “ಅದಾ? ಆ ತೂತಲ್ಲಿ ಗೂಬೆ ಸೇರ್ಕೊಂಡಿದ್ವು ಕಣ್ರೀ! ಶುಭಕಾರ್ಯದ ಮನೇಲಿ ಗೂಬೆ ಅಂದ್ರೆ ಏನ್ ಗತಿ? ಬಣ್ಣದೋನೇ ಹಿಡ್ಕೊಂಡ್ಹೋದ, ಪಾಪ. ಎರಡಿದ್ವು, ಎರಡನ್ನೂ ಬೇರೆ ಬೇರೆ ಚೀಲಕ್ಕೆ ಹಾಕ್ಕೊಂಡ.” ಎಣ್ಣೆಯ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಏನೋ ನೆನಪಾದವರಂತೆ ತಿರುಗಿದರು. “ಅಲ್ಲ ರೀ, ನೀವು ಹಕ್ಕಿ ಗೊತ್ತಿರೋರು, ಕೇಳೋಣ ಅಂತಿದ್ದೆ. ಎರಡು ದಿನ ಆಯ್ತು, ನಮ್ ಹಾಲಕ್ಕಿ ಯಾಕೋ ನುಡೀತಾನೇ ಇಲ್ಲ ನೋಡಿ.”